ಪುಷ್ಪಮಾಲಾ ಎನ್.–ಕ್ಲೇರ್ ಆರ್ನಿ: ವೇಷ ಬದಲಾದರೆ ಹೆಣ್ಣೂ ಬದಲಾಗ್ತಾಳಾ?

ಹಿಂಡಲಗಾ: ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಫೋಟೊ ಇಲ್ಲದ ಅಂಗಡಿ ನಮ್ಮಲ್ಲಿ ಸಿಗೋದು ಕಷ್ಟ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಆರಂಭಿಸಿದ ಮೇಲೆ ಅವರ ಲಕ್ಷ್ಮಿ ಮನೆ ಮನೆಗೆ ಬಂದಳು. ಅದೇ ಲಕ್ಷ್ಮಿಯ ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಂತವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್.

ಯಾರಿವರು?
ಪುಷ್ಪಮಾಲಾ ಹುಟ್ಟಿದ್ದು 1956ರಲ್ಲಿ, ಮೊದಲು ಶಿಲ್ಪಿ. ಕ್ಲೇರ್ ಆರ್ನಿ ಬೆಂಗಳೂರಿನ ಛಾಯಾಗ್ರಾಹಕಿ.

ಏನು ಮಾಡಿದರು?
2000ರಿಂದ 2004ರವರೆಗೆ ಇಬ್ಬರೂ ಸೇರಿ 'ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ' ಎಂಬ ಫೋಟೊ ಸರಣಿ ಮಾಡಿದರು. ಸೀರೆ, ಒಡವೆ, ಬಣ್ಣದ ಪರದೆ ಹೊಂದಿಸಿ ಹಳೆಯ ಚಿತ್ರಗಳನ್ನೇ ಮತ್ತೆ ಕಟ್ಟಿದರು. ಲಕ್ಷ್ಮಿ ಜೊತೆಗೆ ದಖ್ಖನಿ ಚಿತ್ರದ ಯೋಗಿನಿ, ಕನ್ನಡ ಸಿನಿಮಾದ ಸ್ಟಿಲ್, ಬ್ರಿಟಿಷರ ಕಾಲದ ತೋಡ ಮಹಿಳೆಯ ಫೋಟೊ ಕೂಡ ಇವೆ.

ಇದರಲ್ಲೇನಿದೆ?
ಆಗ ಬ್ರಿಟಿಷರು ಬುಡಕಟ್ಟು ಜನರನ್ನು ಚೌಕುಳಿ ಪರದೆ ಮುಂದೆ ನಿಲ್ಲಿಸಿ, ಮೈ ಅಳೆದು, 'ಇವರು ಇಂಥ ಜಾತಿ' ಅಂತ ಬರೆದಿಟ್ಟರು. ನಮ್ಮ ಟೇಲರ್ ಅಳತೆ ತಗೊಳ್ಳೋದು ಬಟ್ಟೆ ಮೈಗೆ ಒಪ್ಪಲಿ ಅಂತ. ಆ ಅಳತೆ ಮನುಷ್ಯರನ್ನೇ ಒಂದು ಖಾನೆಗೆ ಹಾಕೋಕೆ. ಈ ಸರಣಿಯಲ್ಲಿ ದೇವಿ, ಯೋಗಿನಿ, ನಾಯಕಿ ಎಲ್ಲವೂ ಪುಷ್ಪಮಾಲಾ ಒಬ್ಬರೇ. ಬಟ್ಟೆ ನೋಡಿ ಗಿರಾಕಿಯನ್ನು ಅಳೆಯೋ ನಮಗೂ ಇದು ಪಾಠವೇ.