ಸಾಕ್ಷ್ಯದ ಸಂಗ್ರಾಹಕಿ ರಾಖೆಲ್ ಔಯರ್‌ಬಾಖ್

ಗತಕಾಲದ ಸಂಗತಿಗಳನ್ನು ನಿರ್ಣಯಿಸುವಲ್ಲಿ ನಾವು ಶಾಸನಕ್ಕೂ ಸರ್ಕಾರಿ ಕಡತಕ್ಕೂ ಅಗ್ರಸ್ಥಾನವನ್ನು ಕೊಡುತ್ತೇವೆ. ನೊಂದವರ ಮಾತು ರಾಗದ್ವೇಷಗಳಿಂದ ಕೂಡಿದುದೆಂದು ಶಂಕಿಸುತ್ತೇವೆ. ಈ ಶಂಕೆ ನಿರಾಧಾರವಾದುದೇನೂ ಅಲ್ಲ. ಆದರೆ ಕಡತಗಳನ್ನು ಬರೆದವರೇ ಹಂತಕರಾಗಿದ್ದಲ್ಲಿ ಚರಿತ್ರಕಾರನು ಮಾಡಬೇಕಾದುದೇನು? ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆದ ಯೆಹೂದ್ಯರ ಸಂಹಾರವನ್ನು ಅಭ್ಯಸಿಸುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ತಮ್ಮ ಬಾಳಿನಿಂದಲೇ ಇದಕ್ಕೆ ಉತ್ತರವಿತ್ತವರು ರಾಖೆಲ್ ಔಯರ್‌ಬಾಖ್.

1903ರಲ್ಲಿ ಜನಿಸಿದ ಈಕೆ ಲ್ವೋವ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ವ್ಯಾಸಂಗ ಮಾಡಿ, 1933ರಲ್ಲಿ ವಾರ್ಸಾ ನಗರಕ್ಕೆ ಬಂದು ಪತ್ರಿಕೆಗಳಿಗೆ ಬರೆಯುತ್ತಿದ್ದರು. 1939ರಲ್ಲಿ ಜರ್ಮನರು ನಗರವನ್ನು ಆಕ್ರಮಿಸಿದಾಗ, ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಆಕೆಯನ್ನು ಅಲ್ಲಿಯೇ ಉಳಿಸಿಕೊಂಡು, ಲೆಷ್ನೋ ಬೀದಿಯ ಗಂಜಿಕೇಂದ್ರವೊಂದರ ಹೊಣೆಯನ್ನು ಒಪ್ಪಿಸಿದರು. 1940ರ ನವೆಂಬರಿನಲ್ಲಿ ಯೆಹೂದ್ಯರ ಕೇರಿಯ ಸುತ್ತ ಗೋಡೆ ಮುಚ್ಚಿಕೊಂಡಿತು. ದಿನವೂ ಬಡಿಸುವ ಆ ಗಂಜಿ ಹಸಿದವರನ್ನು ಉಳಿಸಲಾರದು, ಅವರ ಸಾವನ್ನು ಕೆಲಕಾಲ ಮುಂದೂಡಬಲ್ಲುದಷ್ಟೇ ಎಂಬ ಕಹಿಸತ್ಯವನ್ನು ಆಕೆ ನಿರ್ದಾಕ್ಷಿಣ್ಯವಾಗಿ ಬರೆದಿಟ್ಟರು. ರಿಂಗೆಲ್‌ಬ್ಲುಮ್ ಗುಪ್ತವಾಗಿ ಕಟ್ಟುತ್ತಿದ್ದ ದಾಖಲೆ ಭಂಡಾರಕ್ಕೆ ಈ ಬರಹ ಸಂದಿತು.

1942ರ ಜುಲೈ 22ರಿಂದ ಸೆಪ್ಟೆಂಬರಿನವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಈ ಕೇರಿಯಿಂದ ಟ್ರೆಬ್ಲಿಂಕಾ ವಧಾಶಿಬಿರಕ್ಕೆ ಸಾಗಿಸಲಾಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದವನೊಬ್ಬನ ಹೇಳಿಕೆಯನ್ನು ಔಯರ್‌ಬಾಖ್ ಸವಿಸ್ತಾರವಾಗಿ ಬರೆದುಕೊಂಡರು. ಮುಂದೆ 1943ರ ಮಾರ್ಚಿಯಲ್ಲಿ ಗೋಡೆಯಾಚೆಗೆ ಪಾರಾಗಿ, ಸುಳ್ಳು ಗುರುತುಪತ್ರಗಳ ಆಶ್ರಯದಲ್ಲಿ ಹಗಲು ನೌಕರಿ ಮಾಡುತ್ತ ರಾತ್ರಿ ಬರೆಯುತ್ತ ಬದುಕಿದರು.

ಭಂಡಾರಕ್ಕಾಗಿ ದುಡಿದ ಸುಮಾರು 60 ಜನರಲ್ಲಿ ಯುದ್ಧಾನಂತರ ಉಳಿದವರು ಮೂವರೇ. ಹೂತಿಟ್ಟ ಕಾಗದಗಳನ್ನು ಅಗೆದು ತೆಗೆಯಲೇಬೇಕೆಂದು ಔಯರ್‌ಬಾಖ್ ಬಿಡದೆ ಒತ್ತಾಯಿಸಿದರು. 1946ರ ಸೆಪ್ಟೆಂಬರಿನಲ್ಲಿ ಹತ್ತು ತಗಡಿನ ಪೆಟ್ಟಿಗೆಗಳೂ, 1950ರ ಡಿಸೆಂಬರಿನಲ್ಲಿ ಎರಡು ಹಾಲಿನ ಕ್ಯಾನುಗಳೂ ಅವಶೇಷಗಳ ಅಡಿಯಲ್ಲಿ ದೊರೆತವು. ಟ್ರೆಬ್ಲಿಂಕಾದ ಆ ಹೇಳಿಕೆ ಎರಡನೆಯ ನಿಕ್ಷೇಪದಲ್ಲಿತ್ತು. 1999ರಲ್ಲಿ ಯುನೆಸ್ಕೋ ಸಂಸ್ಥೆ ಈ ಭಂಡಾರವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

1950ರಲ್ಲಿ ಇಸ್ರೇಲಿಗೆ ಹೋದ ಆಕೆ, 1954ರಿಂದ ಯಾದ್ ವಶೇಮ್ ಸಂಸ್ಥೆಯಲ್ಲಿ ಸಾಕ್ಷ್ಯಸಂಗ್ರಹ ವಿಭಾಗವನ್ನು ನಡೆಸಿದರು. ಉಳಿದುಬಂದವರ ಹೇಳಿಕೆಗಳಿಗೆ ಎಷ್ಟು ಬೆಲೆ ಕೊಡಬೇಕೆಂಬ ಬಗ್ಗೆ ಆ ಸಂಸ್ಥೆಯಲ್ಲಿಯೇ ತೀವ್ರ ವಿವಾದವೆದ್ದಿತು. ವಿಶ್ವವಿದ್ಯಾನಿಲಯದ ಪಂಡಿತರ ಎದುರು ಆಕೆ ತಮ್ಮ ಪಕ್ಷವನ್ನು ಬಿಟ್ಟುಕೊಡಲಿಲ್ಲ. 1961ರಲ್ಲಿ ನಡೆದ ಐಖ್‌ಮನ್ನನ ವಿಚಾರಣೆಗೆ ಸಾಕ್ಷಿಗಳನ್ನು ಆರಿಸಲು ನೆರವಾದರು, ತಾವೂ ಸಾಕ್ಷ್ಯ ನುಡಿದರು. ಆಕೆ ಕಾಲವಾದುದು 1976ರಲ್ಲಿ.

ನೆನಪು ತಪ್ಪಬಹುದು, ಒಂದು ಹೇಳಿಕೆಯನ್ನು ಮತ್ತೊಂದರೊಡನೆ, ಎರಡನ್ನೂ ಕಡತದೊಡನೆ ಹೋಲಿಸಿ ನೋಡುವುದು ಅವಶ್ಯ. ಆದರೂ ರೈಲುಬಂಡಿಗಳ ಲೆಕ್ಕವನ್ನಷ್ಟೇ ಕೊಡುವ ಕಡತ, ಆ ಬಂಡಿಯನ್ನು ಹತ್ತಿದವರು ಯಾರೆಂಬುದನ್ನು ಹೇಳದು. ಎಲ್ಲವನ್ನೂ ಕಳೆದುಕೊಂಡ ಬಳಿಕ ಔಯರ್‌ಬಾಖ್ ತಮ್ಮ ಬದುಕನ್ನು ಮತ್ತೆ ಕಟ್ಟಿಕೊಂಡದ್ದು ಇತರರ ಮಾತಿಗೆ ಕಿವಿಗೊಟ್ಟು. ಆ ಕಾರ್ಯವಾಗದಿದ್ದರೆ ಹಂತಕರ ಕಡತವೇ ಇತಿಹಾಸವಾಗಿ ಉಳಿಯುತ್ತಿತ್ತು.