ನಾಲ್ಕು ಗಾಲಿಗಳ ಸೂರು: ಅಮೆರಿಕದ ಅಂಗವಿಕಲರ ವಾಹನವಾಸದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂಗವಿಕಲ ವ್ಯಕ್ತಿಯೊಬ್ಬರು ವಾಸಕ್ಕೆ ಮಾಡಿಕೊಂಡ ವ್ಯಾನನ್ನು ಅಲ್ಲಿನ ಕಾನೂನುಗಳು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಬಡ ಅಂಗವಿಕಲರಿಗೆ ಮಾಸಾಶನ ಕೊಡುವ ಸಾಮಾಜಿಕ ಭದ್ರತಾ ಆಡಳಿತದ ನಿಯಮಗಳಲ್ಲಿ ಮನೆಯೆಂಬುದು ನೆಲಕ್ಕೆ ಊರಿದ್ದಾಗಿರಲಿ ಚಲಿಸುವಂಥದ್ದಾಗಿರಲಿ, ಒಡೆಯರು ಮುಖ್ಯವಾಗಿ ಅದರಲ್ಲಿಯೇ ವಾಸವಾಗಿದ್ದರೆ ಅದು ಮನೆಯೇ. ಕೇಂದ್ರದ ವಸತಿ ಇಲಾಖೆಯಾದರೋ ಕಾರು, ವ್ಯಾನುಗಳನ್ನು ಮನುಷ್ಯವಾಸಕ್ಕೆ ತಕ್ಕುದಲ್ಲದ ಜಾಗವೆಂದು ವಿಂಗಡಿಸಿ, ಅದರೊಳಗೆ ಮಲಗುವವರನ್ನು ಸೂರಿಲ್ಲದವರ ಲೆಕ್ಕಕ್ಕೆ ಸೇರಿಸುತ್ತದೆ. ಇನ್ನು ಹಲವು ನಗರಸಭೆಗಳ ಕಟ್ಟಳೆಗಳ ಕಣ್ಣಿನಲ್ಲಿ ಅದು ಅಪರಾಧ ನಡೆಯುವ ಸ್ಥಳ. ಈ ಮೂರು ವ್ಯಾಖ್ಯೆಗಳೂ ಬೇರೆ ಬೇರೆ ಕಾಲದಲ್ಲಿ, ಒಂದನ್ನೊಂದು ಗಮನಿಸದೆ ಹುಟ್ಟಿದವು. ಇವು ಮೂರೂ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಎಂಬುದೇ ವಾಹನವಾಸದ ಚರಿತ್ರೆಯ ಮುಖ್ಯ ಭಾಗ.

ವಾಹನದಲ್ಲಿ ವಾಸಿಸುವುದು ಆರಂಭದಲ್ಲಿ ಬಡತನದ ಗುರುತೇನೂ ಆಗಿರಲಿಲ್ಲ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಉದ್ಯಾನವೊಂದರಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡವರು ಮೋಟಾರು ಕಾರಿಗೆ ಹಾಸಿಗೆ, ಒಲೆಗಳನ್ನು ಹೊಂದಿಸಿಕೊಂಡು ಚಳಿಗಾಲವನ್ನು ಬೆಚ್ಚಗಿನ ಊರುಗಳಲ್ಲಿ ಕಳೆಯುತ್ತಿದ್ದ ಪ್ರವಾಸಿಗರಾಗಿದ್ದರು. 1930ರ ದಶಕದ ಮಹಾ ಆರ್ಥಿಕ ಕುಸಿತ ಮತ್ತು ಬರಗಾಲದಿಂದ ಚಿತ್ರ ಬದಲಾಯಿತು. ಮನೆಮಠ ಕಳೆದುಕೊಂಡು ಹಳೆಯ ಟ್ರಕ್ಕುಗಳಲ್ಲಿ ಪಾತ್ರೆಪಡಗ ತುಂಬಿಕೊಂಡು ಬಂದ ಕುಟುಂಬಗಳನ್ನು 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಕ್ಯಾಲಿಫೋರ್ನಿಯಾದ ಗಡಿಯಲ್ಲಿಯೇ ತಡೆದು ಹಿಂದಕ್ಕೆ ಕಳಿಸಿದರು. ಅಂಗವಿಕಲರಿಗಂತೂ ಬೀದಿಯೇ ನಿಷಿದ್ಧವಾಗಿದ್ದ ಕಾಲವೊಂದಿತ್ತು. 1867ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1881ರಲ್ಲಿ ಷಿಕಾಗೊ, ಆಮೇಲೆ ಇನ್ನೂ ಕೆಲವು ನಗರಗಳು, ರೋಗದಿಂದಲೋ ಅಂಗಭಂಗದಿಂದಲೋ ನೋಡಲು ಅಸಹ್ಯವೆನಿಸುವವರು ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಳ್ಳಬಾರದೆಂದು ಕಟ್ಟಳೆ ಮಾಡಿದ್ದವು. ಚರಿತ್ರಕಾರರು ಇವನ್ನು ‘ಕುರೂಪ ಕಾನೂನು’ಗಳೆಂದು ಕರೆಯುತ್ತಾರೆ. ಷಿಕಾಗೊ ನಗರ ತನ್ನ ಕಟ್ಟಳೆಯನ್ನು ರದ್ದುಪಡಿಸಿದ್ದು 1974ರಲ್ಲಿ. ಆ ವರ್ಷಕ್ಕೆ ಈ ಚರಿತ್ರೆಯಲ್ಲಿ ಇನ್ನೆರಡು ಕಾರಣಗಳಿಂದಲೂ ಮಹತ್ವವಿದೆ.

ಅದಕ್ಕೆ ಮೊದಲು ವ್ಯಾನು ಅಂಗವಿಕಲರ ಬದುಕಿನೊಳಕ್ಕೆ ಬಂದ ಬಗೆಯನ್ನು ನೋಡಬೇಕು. ಇಂಡಿಯಾನಾ ರಾಜ್ಯದ ವಿನಮ್ಯಾಕ್ ಎಂಬ ಸಣ್ಣ ಊರಿನ ರಾಲ್ಫ್ ಬ್ರಾನ್ (1940–2013) ಅವರಿಗೆ ಬಾಲ್ಯದಲ್ಲಿಯೇ ಸ್ನಾಯುಕ್ಷಯ, ಎಂದರೆ ಸ್ನಾಯುಗಳು ಕ್ರಮೇಣ ಬಲಗುಂದುತ್ತ ಹೋಗುವ ಕಾಯಿಲೆ, ಇರುವುದು ಪತ್ತೆಯಾಗಿತ್ತು. ತಮ್ಮ ಓಡಾಟಕ್ಕೆಂದು ಅವರು 1960ರ ದಶಕದಲ್ಲಿ ಮೂರು ಚಕ್ರದ ಮೋಟಾರು ಗಾಡಿಯನ್ನು ತಯಾರಿಸಿಕೊಂಡರು. ಆಮೇಲೆ ಅಂಚೆ ಇಲಾಖೆಯ ಹಳೆಯ ಜೀಪೊಂದಕ್ಕೆ, 1970ರ ಸುಮಾರಿಗೆ ದೊಡ್ಡ ಡಾಡ್ಜ್ ವ್ಯಾನಿಗೆ, ಗಾಲಿಕುರ್ಚಿ ಸಮೇತ ಮನುಷ್ಯನನ್ನು ಮೇಲೆತ್ತುವ ಹಲಗೆಯನ್ನು ಜೋಡಿಸಿದರು. ನೆಲಮಟ್ಟಕ್ಕೆ ಇಳಿಯುವ ಉಕ್ಕಿನ ಹಲಗೆಯ ಮೇಲೆ ಕುರ್ಚಿಯನ್ನು ಉರುಳಿಸಿ ಗುಂಡಿ ಒತ್ತಿದರೆ ಅದು ವ್ಯಾನಿನ ನೆಲದ ಮಟ್ಟಕ್ಕೆ ಏರುತ್ತದೆ. ಯಾರೊಬ್ಬರೂ ಎತ್ತಿ ಕೂರಿಸಬೇಕಾಗಿಲ್ಲದ ಈ ಏರ್ಪಾಟು ಅಂಗವಿಕಲರ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಯಾವ ಶಾಸನಕ್ಕೂ ಕಡಿಮೆಯದಲ್ಲ. 1972ರಲ್ಲಿ ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಮತ್ತು ಸಂಗಡಿಗರು ‘ಸ್ವತಂತ್ರ ಜೀವನ ಕೇಂದ್ರ’ವನ್ನು ಕಟ್ಟಿದಾಗ, ಅಂಗವಿಕಲರು ಆಸ್ಪತ್ರೆ, ಆಶ್ರಮಗಳ ಹೊರಗೆ ತಮ್ಮ ತಮ್ಮ ಮನೆಗಳಲ್ಲಿ ಬದುಕಬೇಕೆಂಬುದೇ ಅವರ ಗುರಿಯಾಗಿತ್ತು. ಆ ಬದುಕಿನಲ್ಲಿ ವ್ಯಾನು ಮನೆಯಿಂದ ಊರಿಗೆ ಹೋಗುವ ಸಾಧನ. ಅದೇ ಮನೆಯಾಗಬೇಕಾದೀತೆಂಬುದು ಆ ಆದರ್ಶದ ಭಾಗವಾಗಿರಲಿಲ್ಲ.

1974ರ ಜನವರಿಯಲ್ಲಿ ಪೂರಕ ಭದ್ರತಾ ಆದಾಯ ಎಂಬ ಯೋಜನೆ ಜಾರಿಗೆ ಬಂದಿತು. ದುಡಿಯಲಾಗದ ಬಡ ಅಂಗವಿಕಲರಿಗೂ ವೃದ್ಧರಿಗೂ ಕೇಂದ್ರ ಸರ್ಕಾರವೇ ನೇರವಾಗಿ ಕೊಡುವ ಈ ಮಾಸಾಶನದ ಗರಿಷ್ಠ ಮೊತ್ತ ಆಗ ತಿಂಗಳಿಗೆ 140 ಡಾಲರ್. ಅದೇ ವರ್ಷದ ಆಗಸ್ಟ್‌ನಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ ವಸತಿ ಶಾಸನದಿಂದ ‘ಸೆಕ್ಷನ್ 8’ ಎಂದು ಹೆಸರಾದ ಬಾಡಿಗೆ ನೆರವು ಆರಂಭವಾಯಿತು. ಬಡ ಬಾಡಿಗೆದಾರರು ತಮ್ಮ ಆದಾಯದ ಒಂದು ಪಾಲನ್ನು, 1981ರ ತಿದ್ದುಪಡಿಯ ಬಳಿಕ ಶೇ. 30ರಷ್ಟನ್ನು, ಕೊಟ್ಟರೆ ಉಳಿದ ಬಾಡಿಗೆಯನ್ನು ಸರ್ಕಾರ ಮನೆಯ ಮಾಲೀಕರಿಗೆ ಪಾವತಿ ಮಾಡುತ್ತದೆ. ಒಂದು ಕೈಯಿಂದ ಮಾಸಾಶನ, ಇನ್ನೊಂದು ಕೈಯಿಂದ ಬಾಡಿಗೆ ನೆರವು ಎಂಬ ಈ ಜೋಡಣೆ ಕಾಗದದ ಮೇಲೆ ಸಮರ್ಪಕವಾಗಿಯೇ ಕಾಣುತ್ತದೆ. ಆದರೆ ಅರ್ಹರೆಲ್ಲರಿಗೂ ಮಾಸಾಶನ ಹಕ್ಕಾಗಿ ಸಿಕ್ಕಿತು, ಬಾಡಿಗೆ ನೆರವು ಹಾಗೆ ಸಿಗಲಿಲ್ಲ. ಪ್ರತಿ ವರ್ಷದ ಅನುದಾನ ಮುಗಿದಲ್ಲಿಗೆ ನೆರವೂ ಮುಗಿಯುವುದರಿಂದ, ಅರ್ಹತೆಯುಳ್ಳ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ದಕ್ಕುತ್ತದೆ. ವಾಹನವಾಸದ ಬೇರು ಇರುವುದು ಮುಖ್ಯವಾಗಿ ಈ ವ್ಯತ್ಯಾಸದಲ್ಲಿ. ವ್ಯಕ್ತಿಗಳ ಚಪಲದಲ್ಲಿಯೋ ಅಲೆಮಾರಿ ಮನೋಭಾವದಲ್ಲಿಯೋ ಅದನ್ನು ಹುಡುಕುವುದು ಸರಿಯಲ್ಲ.

ನೆರವು ಸಿಗದವರು ಅದುವರೆಗೆ ಎಲ್ಲಿ ಇರುತ್ತಿದ್ದರು ಎಂದರೆ, ನಗರದ ನಡುವೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಒಂಟಿ ಕೋಣೆಗಳ ವಸತಿಗೃಹಗಳಲ್ಲಿ. ಒಂದು ಮಂಚ, ಒಂದು ಕಿಟಕಿ, ಮೊಗಸಾಲೆಯ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಚ್ಚಲು ಇರುತ್ತಿದ್ದ ಈ ಕೋಣೆಗಳು ಹೇಳಿಕೊಳ್ಳುವಷ್ಟು ಚೆನ್ನಾಗಿರಲಿಲ್ಲ. ಆದರೆ ಸಣ್ಣ ಮಾಸಾಶನಕ್ಕೆ ಎಟುಕುತ್ತಿದ್ದವು, ಬಾಗಿಲಿಗೆ ಬೀಗವಿರುತ್ತಿತ್ತು, ಹೆಸರಿಗೊಂದು ವಿಳಾಸವಿರುತ್ತಿತ್ತು. 1960ರ ದಶಕದಿಂದ ಎರಡು ದಶಕಗಳ ಕಾಲ ನಗರ ನವೀಕರಣದ ಹೆಸರಿನಲ್ಲಿ ಇವು ದೇಶದುದ್ದಕ್ಕೂ ನೆಲಸಮವಾದವು. ಸ್ಯಾನ್ ಫ್ರಾನ್ಸಿಸ್ಕೊ ನಗರದ 1977ನೆಯ ವರ್ಷ ಆ ಕಾಲದ ಒಂದು ವೈರುಧ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಸರ್ಕಾರಿ ಕಟ್ಟಡವೊಂದರೊಳಗೆ ಮೂರು ವಾರಗಳಿಗೂ ಮೀರಿ ಧರಣಿ ಕುಳಿತು, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡಕೂಡದೆಂಬ 504ನೆಯ ಪರಿಚ್ಛೇದದ ನಿಯಮಾವಳಿಗೆ ಸಹಿ ಹಾಕಿಸಿದರು. ನಾಲ್ಕು ತಿಂಗಳೊಳಗೆ, ಆಗಸ್ಟ್ 4ರ ನಸುಕಿನಲ್ಲಿ, ಅದೇ ನಗರದ ಇಂಟರ್‌ನ್ಯಾಷನಲ್ ಹೋಟೆಲಿನ ಒಂಟಿ ಕೋಣೆಗಳಲ್ಲಿ ವರ್ಷಗಳಿಂದ ಇದ್ದ, ಬಹುಪಾಲು ಫಿಲಿಪಿನೊ ಮತ್ತು ಚೀನೀ ಮೂಲದ ವೃದ್ಧರನ್ನು ಪೊಲೀಸರು ಹೊರಗೆ ಹಾಕಿದರು. ಕಟ್ಟಡದೊಳಕ್ಕೆ ಹೋಗುವ ಹಕ್ಕು ಸಿಕ್ಕ ವರ್ಷವೇ ಕೈಗೆಟುಕುವ ಕೋಣೆಗಳು ಕೈತಪ್ಪುತ್ತಿದ್ದವು.

ಮಾಸಾಶನದ ನಿಯಮಗಳು ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡಿದವು. 2024ರಲ್ಲಿ ಅದರ ಗರಿಷ್ಠ ಮೊತ್ತ 943 ಡಾಲರ್, ಆದಾಯದ ಶೇ. 30ರಷ್ಟು ಬಾಡಿಗೆಯೇ ಮಿತಿಯೆಂಬ ಸರ್ಕಾರದ ಸ್ವಂತ ಅಳತೆಯಂತೆ ಅದರಲ್ಲಿ ಬಾಡಿಗೆಗೆ ದೊರೆಯುವುದು ಸುಮಾರು 283 ಡಾಲರ್. ದೇಶದ ಸರಾಸರಿ ತೆಗೆದುಕೊಂಡರೆ ಒಂದು ಕೋಣೆಯ ಮನೆಗೆ ಇಡೀ ಮಾಸಾಶನವೂ ಸಾಲದು. ಫಲಾನುಭವಿಯ ಬಳಿ ಕೂಡಿಟ್ಟ ಹಣ, ಆಸ್ತಿ ಸೇರಿ 2,000 ಡಾಲರ್ ಮೀರಿದರೆ ಮಾಸಾಶನವೇ ನಿಂತುಹೋಗುವುದರಿಂದ, ಮುಂಗಡಕ್ಕೆಂದು ಹಣ ಕೂಡಿಡುವ ದಾರಿಯೂ ಮುಚ್ಚಿದಂತಾಯಿತು. ಬಂಧುಗಳ ಮನೆಯಲ್ಲಿ ಊಟ, ವಸತಿ ಎರಡನ್ನೂ ಪಡೆದುಕೊಂಡಿದ್ದರೆ ಮೂರನೆಯ ಒಂದು ಭಾಗವನ್ನು ಕಡಿತ ಮಾಡುವ ನಿಯಮವೂ ಇತ್ತು. ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಆಸರೆ ಪಡೆದವರಿಗೆ ಇದು ದಂಡ ಹಾಕಿದಂತೆಯೇ ಸರಿ. ಇಷ್ಟೆಲ್ಲವನ್ನೂ ಲೆಕ್ಕಕ್ಕೆ ಹಿಡಿಯುವ ಇದೇ ಕಾನೂನು ಓಡಾಟಕ್ಕೆ ಬಳಸುವ ಒಂದು ವಾಹನವನ್ನು ಆಸ್ತಿಯ ಲೆಕ್ಕದಿಂದ ಹೊರಗಿಟ್ಟಿತು. ಹೀಗಾಗಿ, ಮಾಸಾಶನ ಕಳೆದುಕೊಳ್ಳದೆ ಒಬ್ಬ ಬಡ ಅಂಗವಿಕಲ ವ್ಯಕ್ತಿ ಸ್ವಂತದ್ದೆಂದು ಇಟ್ಟುಕೊಳ್ಳಬಹುದಾದ, ಕೈಗೆಟುಕುವ ಏಕೈಕ ಸೂರು ಹಳೆಯ ವ್ಯಾನೇ ಆಯಿತೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಬಾಡಿಗೆ ನೆರವಿಗಾಗಿ ಕಾಯುವ ಕ್ರಮವನ್ನೂ ಇಲ್ಲಿ ಗಮನಿಸಬೇಕು. ದೊಡ್ಡ ನಗರಗಳಲ್ಲಿ ಕಾಯುವ ಪಟ್ಟಿಯೇ ವರ್ಷಗಟ್ಟಲೆ ಮುಚ್ಚಿರುತ್ತದೆ. ಲಾಸ್ ಏಂಜಲೀಸ್ ನಗರ 2022ರ ಅಕ್ಟೋಬರ್‌ನಲ್ಲಿ ಅದನ್ನು ಕೆಲವು ದಿನ ತೆರೆದಾಗ, ಪಟ್ಟಿಯ 30,000 ಜಾಗಗಳಿಗೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದು ಚೀಟಿ ಎತ್ತಬೇಕಾಯಿತು. ಸರತಿ ಬಂದಾಗ ಕಳಿಸಿದ ಪತ್ರಕ್ಕೆ ಉತ್ತರ ಬಾರದಿದ್ದರೆ ಹೆಸರನ್ನು ತೆಗೆದುಹಾಕಬಹುದು. ಊರೂರಿಗೆ ಸರಿಯುವ ವ್ಯಾನಿನಲ್ಲಿರುವವರಿಗೆ ಪತ್ರ ತಲುಪುವುದೇ ಕಷ್ಟ. ತಲುಪಿ ನೆರವಿನ ಚೀಟಿ ಕೈಸೇರಿದರೂ, ಅದನ್ನು ಒಪ್ಪುವ ಮಾಲೀಕರನ್ನು ಹುಡುಕಲು ನಿಯಮ ಖಾತ್ರಿಪಡಿಸುವ ಕನಿಷ್ಠ ಅವಧಿ 60 ದಿನ ಮಾತ್ರ. ಗಾಲಿಕುರ್ಚಿ ನುಗ್ಗುವ ಬಾಗಿಲು, ಮೆಟ್ಟಿಲಿಲ್ಲದ ಪ್ರವೇಶ ಬೇಕಾದವರಿಗೆ ಆ ಹುಡುಕಾಟ ಇನ್ನೂ ಕಿರಿದಾಗುತ್ತದೆ. 1988ರ ನ್ಯಾಯೋಚಿತ ವಸತಿ ತಿದ್ದುಪಡಿಯು ಹೊಸ ಕಟ್ಟಡಗಳಲ್ಲಿ ಇಂಥ ಅನುಕೂಲಗಳನ್ನು ಕಡ್ಡಾಯ ಮಾಡಿತಾದರೂ ಅದು ಅನ್ವಯಿಸಿದ್ದು ನಾಲ್ಕು ಅಥವಾ ಹೆಚ್ಚು ಮನೆಗಳಿರುವ, 1991ರ ಮಾರ್ಚ್ 13ರ ನಂತರ ಮೊದಲ ಬಾರಿ ವಾಸಕ್ಕೆ ತೆರೆದ ಕಟ್ಟಡಗಳಿಗೆ. ಕಡಿಮೆ ಬಾಡಿಗೆಯ ಮನೆಗಳಾದರೋ ಹೆಚ್ಚಾಗಿ ಹಳೆಯ ಕಟ್ಟಡಗಳಲ್ಲಿರುತ್ತವೆ.

ವ್ಯಾನಿನ ಒಳಗನ್ನು ಅಳತೆಪಟ್ಟಿ ಹಿಡಿದು ನೋಡಿದರೆ ಈ ವಾಸದ ಕಷ್ಟ ಸ್ಪಷ್ಟವಾಗುತ್ತದೆ. ಅಮೆರಿಕದ ಸುಗಮ್ಯತಾ ಮಾನದಂಡದ ಪ್ರಕಾರ ಗಾಲಿಕುರ್ಚಿಯೊಂದು ಪೂರ್ತಿ ಸುತ್ತು ತಿರುಗಲು 60 ಅಂಗುಲ, ಎಂದರೆ ಐದು ಅಡಿ ವ್ಯಾಸದ ಜಾಗ ಬೇಕು. ಸುಮಾರು ಆರು ಅಡಿ ಅಗಲದ ವ್ಯಾನಿನೊಳಗೆ ಮಂಚವೊಂದನ್ನು ಇಟ್ಟ ಮೇಲೆ ಆ ಸುತ್ತಿಗೆ ಎಡೆಯಿರುವುದಿಲ್ಲ; ಮುಂದಕ್ಕೆ ಬಂದವರು ಹಿಮ್ಮುಖವಾಗಿಯೇ ಸರಿಯಬೇಕು. ಮೇಲೆತ್ತುವ ಹಲಗೆ, ರಾತ್ರಿ ಉಸಿರಾಟಕ್ಕೆ ಒತ್ತಾಸೆಯಾಗುವ ಯಂತ್ರ, ಇನ್ಸುಲಿನ್ ಕೆಡದಂತೆ ಇಡುವ ಪುಟ್ಟ ಶೀತಕ ಎಲ್ಲವೂ ಬ್ಯಾಟರಿಯನ್ನೇ ನಂಬಿರುತ್ತವೆ. ಬ್ಯಾಟರಿ ಬತ್ತಿದಾಗ ಹಲಗೆಯನ್ನು ಕೈಯಿಂದ ನಡೆಸುವ ಪಂಪು ಇರುತ್ತದಾದರೂ, ತೋಳಿನಲ್ಲಿ ಬಲವಿಲ್ಲದವರು ಅದನ್ನು ಒತ್ತಲಾರದೆ ಯಾರಾದರೂ ಬರುವವರೆಗೆ ಒಳಗೇ ಉಳಿಯಬೇಕಾಗುತ್ತದೆ. ನಗರ ಬಿಟ್ಟು ಸರ್ಕಾರಿ ಬಯಲಿಗೆ ಹೋದರೂ ಒಂದೆಡೆ ಸಾಮಾನ್ಯವಾಗಿ 14 ದಿನಗಳಿಗಿಂತ ಹೆಚ್ಚು ತಂಗುವಂತಿಲ್ಲ. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಳಿಯ ಮರುಭೂಮಿಯಲ್ಲಿ ಸೆಪ್ಟೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಶುಲ್ಕ ಕಟ್ಟಿ ನೆಲೆಸುವ ಅವಕಾಶ 1983ರಿಂದ ಇದೆ. ಆದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗಳು ದೂರ. 2017ರಲ್ಲಿ ಪ್ರಕಟವಾದ ಜೆಸಿಕಾ ಬ್ರೂಡರ್ ಅವರ ‘ನೋಮ್ಯಾಡ್‌ಲ್ಯಾಂಡ್’ ಈ ಬಯಲುಗಳನ್ನು ಲೋಕಪ್ರಸಿದ್ಧಗೊಳಿಸಿತಾದರೂ ಅದರ ಕೇಂದ್ರದಲ್ಲಿರುವವರು ಹಂಗಾಮಿ ದುಡಿಮೆ ಅರಸಿ ಅಲೆಯುವ ಹಿರಿಯರು. ದುಡಿಯಲಾಗದ ಕಾರಣಕ್ಕೇ ವ್ಯಾನು ಸೇರಿದವರ ಚರಿತ್ರೆಯನ್ನು ಹೆಚ್ಚಾಗಿ ನ್ಯಾಯಾಲಯದ ಕಡತಗಳಲ್ಲಿ ಓದಬೇಕಾಗಿದೆ.

ಆ ಕಡತಗಳು 1983ರಿಂದ ಆರಂಭವಾಗುತ್ತವೆ ಎನ್ನಬಹುದು. ಅದೇ ವರ್ಷ ಲಾಸ್ ಏಂಜಲೀಸ್ ನಗರ, ವಾಹನವನ್ನು ರಾತ್ರಿಯಾಗಲಿ ಹಗಲಾಗಲಿ ವಾಸಸ್ಥಾನವಾಗಿ ಬಳಸುವುದನ್ನು ನಿಷೇಧಿಸಿತು. ಯಾವುದು ವಾಸ, ಯಾವುದು ಅಲ್ಲ ಎಂಬುದನ್ನು ತಿಳಿಸದ ಆ ಕಟ್ಟಳೆ ಅಸ್ಪಷ್ಟವೆಂದೂ, ಪೊಲೀಸರ ಮರ್ಜಿಗೆ ಬಿಟ್ಟದ್ದೆಂದೂ 2014ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸ್ಯಾನ್ ಡಿಯೇಗೊದಲ್ಲಿ ವಾಹನಗಳಲ್ಲಿ ವಾಸವಿದ್ದ ಅಂಗವಿಕಲರೇ 2017ರಲ್ಲಿ ದಾವೆ ಹೂಡಿದರು. ಮರುವರ್ಷ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, 2019ರ ಫೆಬ್ರವರಿಯಲ್ಲಿ ನಗರ ಹಳೆಯ ಕಟ್ಟಳೆಯನ್ನು ರದ್ದು ಮಾಡಿತು, ಮೇ ತಿಂಗಳಲ್ಲಿ ಹೊಸದೊಂದನ್ನು ತಂದಿತು. ಇವೆಲ್ಲಕ್ಕಿಂತ ದೂರಗಾಮಿಯಾದ ಮಾತು ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದಿಂದ 2021ರಲ್ಲಿ ಬಂದಿತು. ಟ್ರಕ್ಕಿನಲ್ಲಿ ವಾಸವಿದ್ದ ಕೆಲಸಗಾರನೊಬ್ಬನ ವಾಹನವನ್ನು ಸಿಯಾಟಲ್ ನಗರ 72 ಗಂಟೆಗೂ ಮೀರಿ ಒಂದೇ ಕಡೆ ನಿಂತಿತ್ತೆಂದು ಎಳೆದೊಯ್ದು ಅದರ ಖರ್ಚನ್ನು ಅವನ ಮೇಲೆ ಹೇರಿದ್ದ ಪ್ರಕರಣದಲ್ಲಿ, ಆ ಟ್ರಕ್ಕು ಸಾಲ ಕೊಟ್ಟವರಿಂದ ಕಾನೂನು ರಕ್ಷಿಸುವ ‘ಮನೆ’ಯೇ ಹೌದೆಂದೂ, ಅವನ ಸ್ಥಿತಿಗೆ ಆ ದಂಡ ವಿಪರೀತವೆಂದೂ ನ್ಯಾಯಾಲಯ ತೀರ್ಮಾನಿಸಿತು. ಇದಕ್ಕೂ ಮೊದಲೇ, 2004ರಿಂದ, ಸಾಂಟಾ ಬಾರ್ಬರಾದಲ್ಲಿ ಸೇವಾಸಂಸ್ಥೆಯೊಂದು ಚರ್ಚು, ಕಚೇರಿಗಳ ಅಂಗಳಗಳನ್ನು ರಾತ್ರಿಯ ಮಟ್ಟಿಗೆ ವಾಹನವಾಸಿಗಳಿಗೆ ಒದಗಿಸುವ ‘ಸುರಕ್ಷಿತ ನಿಲುಗಡೆ’ ಪದ್ಧತಿಯನ್ನು ನಡೆಸುತ್ತ ಬಂದಿದೆ. ಅದು ಬೇರೆ ನಗರಗಳಿಗೂ ಹಬ್ಬಿತು. ಬೆಳಗಾಗುತ್ತಲೇ ಅಂಗಳ ತೆರವು ಮಾಡಬೇಕೆಂಬುದು ಅದರ ಮಿತಿ.

2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟು, ಆರೆಗನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಊರಿನ ಮೊಕದ್ದಮೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡುವುದನ್ನು ದಂಡಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಯಾಗದೆಂದು ಆರು–ಮೂರರ ಬಹುಮತದಿಂದ ತೀರ್ಪಿತ್ತಿತು; ಆ ಊರಿನ ಕಟ್ಟಳೆಯಲ್ಲಿ ಬಿಡಾರದ ವ್ಯಾಖ್ಯೆಯೊಳಗೆ ವಾಹನವೂ ಸೇರಿತ್ತು. ಅತ್ತ ಮಾಸಾಶನ ಪಡೆಯುವವರ ಉಳಿತಾಯದ ಮಿತಿಯನ್ನು 10,000 ಡಾಲರಿಗೆ ಏರಿಸುವ ಮಸೂದೆ ಸಂಸತ್ತಿನ ಮುಂದೆ 2021ರಿಂದ ಒಂದಕ್ಕಿಂತ ಹೆಚ್ಚು ಬಾರಿ ಬಂದರೂ 2024ರವರೆಗೆ ಶಾಸನವಾಗಿರಲಿಲ್ಲ, ಮತ್ತು 1989ರಲ್ಲಿ ನಿಗದಿಯಾದ 2,000 ಡಾಲರಿನ ಮಿತಿಯೇ ಆಗಲೂ ಜಾರಿಯಲ್ಲಿತ್ತು.