ರಬ್ಬರ್ ತೋಟಕ್ಕೆ ಬಂದ ಸಿಲೋನ್

ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳಲ್ಲಿ ಕೆಲಸ ನಸುಕಿಗೇ ಶುರು. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ಕತ್ತಿ ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಹೆರೆದಂತೆ ಬಿಳಿ ಹಾಲು ಗೀರಿನುದ್ದಕ್ಕೂ ಜಾರಿ ಚಿಪ್ಪಿಗೆ ತೊಟ್ಟಿಕ್ಕುತ್ತದೆ. ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಆ ಕತ್ತಿ ಹಿಡಿದ ಅನೇಕರ ಮನೆಮಾತು ತಮಿಳು. ಊರವರಿಗೆ ಅವರು ಸಿಲೋನಿನವರು, ಎಂದರೆ ಇಂದಿನ ಶ್ರೀಲಂಕಾದಿಂದ ಬಂದವರು. ಅವರನ್ನು ಇಲ್ಲಿಗೆ ತಂದದ್ದು ಕೊಲಂಬೊ, ದೆಹಲಿಗಳ ರಾಜಕಾರಣ. ಅದರಲ್ಲಿ ಧರ್ಮದ ಪಾಲೂ ಇತ್ತು.

ಇವರ ಹಿರಿಯರನ್ನು ಬ್ರಿಟಿಷರು 19ನೇ ಶತಮಾನದಿಂದ ಸಿಲೋನಿನ ಕಾಫಿ, ಆಮೇಲೆ ಚಹಾ ತೋಟಗಳಿಗೆ ಒಯ್ದಿದ್ದರು. 1948ರಲ್ಲಿ ಸ್ವಾತಂತ್ರ್ಯದ ಬೆನ್ನಿಗೇ ಬಂದ ಪೌರತ್ವ ಕಾಯ್ದೆಯಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. ಅದರ ಹಿಂದೆ ವೋಟಿನ ಲೆಕ್ಕಾಚಾರವಿತ್ತು. ಎಲ್ಲವನ್ನೂ ಧರ್ಮದ ತಲೆಗೆ ಕಟ್ಟುವಂತಿಲ್ಲ. ಧರ್ಮ ಮುನ್ನೆಲೆಗೆ ಬಂದದ್ದು 1956ರಲ್ಲಿ. ಬುದ್ಧನ ಪರಿನಿರ್ವಾಣದ 2500ನೇ ವರ್ಷದ ಸಂಭ್ರಮದ ನಡುವೆ ಚುನಾವಣೆ. ಭಿಕ್ಕುಗಳು ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಿಕೆ ಪರ ಬೀದಿಗಿಳಿದರು. ಗೆದ್ದ ಅವರು ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿದರು. 1959ರಲ್ಲಿ ಅವರಿಗೆ ಗುಂಡಿಕ್ಕಿದವನೂ ಭಿಕ್ಕುವೇ.

ಪ್ರಧಾನಿಯಾದ ಅವರ ಪತ್ನಿ ಸಿರಿಮಾವೊ, 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರೊಂದಿಗೆ ಈ ತಮಿಳರನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದವರ ಮಾತು ಮುಂದಕ್ಕೆ. ಎಲ್ಲಿರುತ್ತೀರಿ ಎಂದು ಆ ಜನರನ್ನು ಕೇಳದೆ, ಗದ್ದೆಯ ಪಾಲುಪಟ್ಟಿ ಬರೆದಂತೆ ಹಂಚಿಬಿಟ್ಟರು. ಅದು ಅನ್ಯಾಯ.

ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದ ಕುಟುಂಬಗಳಲ್ಲಿ ಕೆಲವಕ್ಕೆ ನೆಲೆ ಕಲ್ಪಿಸಲು ಈ ಸೀಮೆಯಲ್ಲಿ ರಬ್ಬರ್ ತೋಟ ಎದ್ದಿತು. ಚಹಾದ ಚಿಗುರು ಕೊಯ್ದ ಕೈಗಳು ಟ್ಯಾಪಿಂಗ್ ಕತ್ತಿಗೆ ಒಗ್ಗಿಕೊಂಡವು. ಅವರ ಮಾರಿಯಮ್ಮ, ಮುರುಗ ಜೊತೆಗೇ ಬಂದರು. ಅತ್ತ 1972ರ ಸಂವಿಧಾನ ಶ್ರೀಲಂಕಾದಲ್ಲಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು.

ಆದರೆ ಅದೇ ದ್ವೀಪದ ಕತರಗಾಮದಲ್ಲಿ ಸಿಂಹಳ ಬೌದ್ಧರೂ ತಮಿಳರೂ ಒಂದೇ ಸ್ಕಂದನಿಗೆ, ಎಂದರೆ ಮುರುಗನಿಗೆ, ಹರಕೆ ಹೊರುತ್ತಾರೆ; ಇಲ್ಲಿ ಕುಕ್ಕೆಯಲ್ಲಿ ಸುಬ್ರಹ್ಮಣ್ಯನಾಗಿ ನೆಲೆಸಿರುವವನೂ ಅವನೇ. ಹಡಗಿಳಿದು ಬಂದವರಿಗೆ ಈ ಊರಿನಲ್ಲಿ ಮೊದಲೇ ಪರಿಚಯವಿದ್ದವನು ಅವನೊಬ್ಬ. ಸರ್ಕಾರಿ ಕಚೇರಿಗಳಲ್ಲಿ ಆ ಪರಿಚಯ ನಡೆಯಲಿಲ್ಲ. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಎಷ್ಟೋ ಮನೆಗಳವರು ವರ್ಷಗಟ್ಟಲೆ ಅಲೆದರು; ಕೈಯಲ್ಲಿದ್ದದ್ದು ಸಿಲೋನಿನಿಂದ ಬಂದ ಹಳೆಯ ಕಾಗದಗಳು.